ಹಳೆಯ ಎಂಜಿನಿನ ಆರೈಕೆ

ಉಗಿಬಂಡಿಗಳು ಓಡುತ್ತಿದ್ದ ಕಾಲದಲ್ಲಿ ಎಂಜಿನು ನಡೆಸುವ ಚಾಲಕನಾಗಬೇಕೆಂದು ಬಯಸಿ ಬಂದ ತರುಣನ ಕೈಗೆ ರೈಲ್ವೆಯವರು ಮೊದಲು ಕೊಡುತ್ತಿದ್ದುದು ಹತ್ತಿಯ ನೂಲಿನ ಚಿಂದಿಯನ್ನು. ಅವನ ಹುದ್ದೆಯ ಹೆಸರೇ ಕ್ಲೀನರ್. ದೂರದ ಪಯಣ ಮುಗಿಸಿ ಷೆಡ್ಡಿಗೆ ಬಂದು ನಿಂತ ಎಂಜಿನಿನ ಗಾಲಿಗಳನ್ನೂ ಸರಳುಗಳನ್ನೂ ಒರೆಸುವುದು, ಮಸಿಯನ್ನು ಕೆರೆಯುವುದು, ಬೂದಿಯನ್ನು ಹೊರಹಾಕುವುದು ಅವನ ಕೆಲಸವಾಗಿತ್ತು. ಹೀಗೆ ಒರೆಸುತ್ತ ಕಾಲ ಕಳೆದ ಮೇಲೆ ಅವನು ಫೈರ್‌ಮನ್ ಆಗಿ ಸಲಿಕೆ ಹಿಡಿದು ಕಲ್ಲಿದ್ದಲನ್ನು ಎರಚುತ್ತಿದ್ದ, ಮುಂದೆ ನಿಲ್ದಾಣದ ಅಂಗಳದಲ್ಲಿ ಡಬ್ಬಿಗಳನ್ನು ಜೋಡಿಸುವ ಷಂಟರ್ ಆಗುತ್ತಿದ್ದ, ಕೊನೆಗೆ ಡ್ರೈವರ್. ಹೊರನೋಟಕ್ಕೆ ಇದು ದರ್ಜೆಗಳ ಏಣಿಯಾಗಿ ಕಂಡರೂ ನಿಜವಾಗಿ ಅದೊಂದು ಪಾಠಕ್ರಮವೇ ಆಗಿತ್ತು. ಎಂಜಿನಿನ ಮೈಯನ್ನು ಅಂಗುಲ ಅಂಗುಲವಾಗಿ ಒರೆಸಿದವನಿಗೆ ಯಾವ ಕೀಲು ಎಲ್ಲಿದೆ, ಯಾವ ಭಾಗ ಬೇಗ ಸವೆಯುತ್ತದೆ, ಎಲ್ಲಿ ಎಣ್ಣೆ ಸೋರುತ್ತದೆ ಎಂಬುದು ಪುಸ್ತಕದ ನೆರವಿಲ್ಲದೆ ತಿಳಿಯುತ್ತಿತ್ತು. ಮಸಿಯ ಅಡಿಯಲ್ಲಿ ಅಡಗಿದ್ದ ಕೂದಲೆಳೆಯಷ್ಟು ಬಿರುಕು ಮೊದಲು ಕಣ್ಣಿಗೆ ಬೀಳುತ್ತಿದ್ದುದು ದೊಡ್ಡ ಅಧಿಕಾರಿಗಲ್ಲ, ಒರೆಸುವವನಿಗೆ.

ಒಂದು ಯಂತ್ರವನ್ನು ಶುಚಿಗೊಳಿಸುವುದೆಂದರೆ ಅದನ್ನು ಪರೀಕ್ಷಿಸುವುದೇ ಸರಿ. ಈ ತಿಳಿವು ಮರೆಯಾದುದರಿಂದ ಇಂದು ಹಳೆಯ ಯಂತ್ರಗಳ ಸಂರಕ್ಷಣೆಯೆಂದರೆ ಬಣ್ಣ ಬಳಿಯುವುದು ಎಂಬ ಭಾವನೆ ಎಲ್ಲೆಡೆ ನೆಲೆಗೊಂಡಿದೆ. ಊರೂರಿನ ನಿಲ್ದಾಣಗಳ ಮುಂದೆ, ಉದ್ಯಾನಗಳಲ್ಲಿ, ಕಟ್ಟೆಯ ಮೇಲೆ ನಿಲ್ಲಿಸಿದ ಹಳೆಯ ಎಂಜಿನುಗಳನ್ನು ಕಾಣಬಹುದು. ಹಬ್ಬಕ್ಕೋ ಗಣ್ಯರ ಭೇಟಿಗೋ ಅವುಗಳ ಮೈಗೆ ಕರಿಯ ಬಣ್ಣ, ಗಾಲಿಗಳ ಅಂಚಿಗೆ ಬಿಳಿಯ ಬಣ್ಣ, ಮುಂದಿನ ತೊಲೆಗೆ ಕೆಂಪು ಬಣ್ಣ ಬೀಳುತ್ತದೆ. ಹಳೆಯ ತುಕ್ಕನ್ನು ಕೆರೆಯದೆ ಅದರ ಮೇಲೆಯೇ ಹೊಸ ಬಣ್ಣವನ್ನು ಹೊದಿಸಿದರೆ ತುಕ್ಕು ಸಾಯುವುದಿಲ್ಲ; ಕಣ್ಣಿಗೆ ಕಾಣದಂತೆ ಒಳಗೊಳಗೇ ತಿನ್ನುತ್ತ ಹೋಗುತ್ತದೆ. ಹೊಳೆಯುವ ಎಂಜಿನು ಆರೋಗ್ಯವಾಗಿದೆಯೆಂದು ತಿಳಿಯುವುದು, ಪೌಡರು ಬಳಿದ ಮುಖವನ್ನು ಕಂಡು ಜ್ವರವಿಲ್ಲವೆಂದು ಹೇಳಿದಂತೆಯೇ.

ಈ ವಿಷಯವನ್ನು ಕುರಿತು ಹುಬ್ಬಳ್ಳಿ-ಧಾರವಾಡದ ಜನರಷ್ಟು ಅಧಿಕಾರದಿಂದ ಮಾತನಾಡಬಲ್ಲವರು ಕರ್ನಾಟಕದಲ್ಲಿ ವಿರಳ. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಅದೇ ದಶಕದಲ್ಲಿ ಹುಬ್ಬಳ್ಳಿಯಲ್ಲಿ ತನ್ನ ಕಾರ್ಖಾನೆಯನ್ನು ತೆರೆಯಿತು. ಹತ್ತಿಯ ವ್ಯಾಪಾರಕ್ಕೆ ಹೆಸರಾಗಿದ್ದ ಊರಿಗೆ ಕಬ್ಬಿಣದ ನಂಟೂ ಬೆಳೆಯಿತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯೊಡನೆ ಸೇರಿತು. ಸ್ವಾತಂತ್ರ್ಯಾನಂತರ, 1951ರಲ್ಲಿ, ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. 2003ರಲ್ಲಿ ಹುಬ್ಬಳ್ಳಿಯೇ ನೈಋತ್ಯ ರೈಲ್ವೆಯ ಕೇಂದ್ರಸ್ಥಾನವಾಯಿತು. ಹೆಸರುಗಳು ಬದಲಾದರೂ ಕಾರ್ಖಾನೆಯ ಒಳಗಿನ ದುಡಿಮೆ ಬದಲಾಗಲಿಲ್ಲ. ಹೊಸದನ್ನು ಕಟ್ಟುವುದಕ್ಕಿಂತ ಹಳೆಯದನ್ನು ಬಿಚ್ಚಿ, ತೊಳೆದು, ಸವೆದುದನ್ನು ಬದಲಿಸಿ, ಮತ್ತೆ ಜೋಡಿಸಿ ಹಳಿಗೆ ಕಳುಹಿಸುವುದೇ ಅಲ್ಲಿಯ ಮುಖ್ಯ ವಿದ್ಯೆ. ಇಂದಿಗೂ ಅಲ್ಲಿ ಪ್ರಯಾಣಿಕರ ಡಬ್ಬಿಗಳು ನಿಗದಿಯಾದ ಅವಧಿಗೊಮ್ಮೆ ಬಂದು ಮೈ ಬಿಚ್ಚಿಸಿಕೊಂಡು ಹೋಗುತ್ತವೆ. ಆದರೆ ಉಗಿಯ ಎಂಜಿನು ಮಾತ್ರ ಮರಳಿ ಬರುವುದಿಲ್ಲ. 1990ರ ದಶಕದಲ್ಲಿ ಈ ಭಾಗದ ಮೀಟರ್ ಗೇಜ್ ಹಳಿಗಳು ಬ್ರಾಡ್ ಗೇಜಿಗೆ ಬದಲಾದವು. ಆ ದಶಕ ಮುಗಿಯುವಷ್ಟರಲ್ಲಿ ಇಲ್ಲಿಯ ಹಳಿಗಳ ಮೇಲೆ ಹೊಗೆ ಕಾಣದಾಯಿತು. ಎಂಜಿನಿನೊಡನೆ ಅದನ್ನು ಆರೈಕೆ ಮಾಡುತ್ತಿದ್ದ ಕೈಗಳೂ ಬಿಡುವಾದವು.

ದೊಡ್ಡ ಎಂಜಿನನ್ನು ಬಿಚ್ಚಿ ನೋಡುವ ಅವಕಾಶ ಇಂದಿನ ವಿದ್ಯಾರ್ಥಿಗೆ ದೊರೆಯುವಂತಿಲ್ಲ. ಆದರೆ ಅದೇ ಪಾಠವನ್ನು ಮೇಜಿನ ಮೇಲೆ ಕಲಿಸಬಲ್ಲ ಚಿಕ್ಕ ಎಂಜಿನುಗಳಿವೆ. ನಿಜವಾದ ಎಂಜಿನಿನ ಅಳತೆಯನ್ನೇ ಪ್ರಮಾಣಕ್ಕೆ ತಕ್ಕಂತೆ ಇಳಿಸಿ ಮಾಡಿದ ಇವನ್ನು ಮಾದರಿ ಎಂಜಿನುಗಳೆನ್ನುತ್ತಾರೆ. ಜರ್ಮನಿಯ ಮೆರ್ಕ್ಲಿನ್, ಅಮೆರಿಕೆಯ ಲಯೊನೆಲ್, ಇಂಗ್ಲೆಂಡಿನಲ್ಲಿ 1920ರಿಂದ ಆಟದ ರೈಲುಗಳನ್ನು ಮಾಡಿದ ಹಾರ್ನ್‌ಬಿ, ಇವು ಈ ಕಸುಬಿನ ಹೆಸರುವಾಸಿ ಸಂಸ್ಥೆಗಳು. ಹೆಚ್ಚು ಬಳಕೆಯಲ್ಲಿರುವ ಒಂದು ಅಳತೆಯಲ್ಲಿ ಮಾದರಿಯು ಮೂಲದ 87ನೆಯ ಒಂದು ಪಾಲು. 18 ಮೀಟರು ಉದ್ದದ ಎಂಜಿನು 21 ಸೆಂಟಿಮೀಟರಿಗಿಂತ ಕಡಿಮೆ ಜಾಗದಲ್ಲಿ ನಿಲ್ಲುತ್ತದೆ. ಪುಣೆಯಲ್ಲಿ ಭಾವೂಸಾಹೇಬ ಜೋಶಿಯವರು ಕಟ್ಟಿದ ಪುಟ್ಟ ರೈಲುಗಳ ವಸ್ತುಸಂಗ್ರಹಾಲಯ 1998ರಿಂದ ಜನರಿಗೆ ತೆರೆದಿದೆ. ಅಲ್ಲಿ ಮಾದರಿಗಳು ಗಾಜಿನ ಹಿಂದೆ ಸುಮ್ಮನೆ ನಿಂತಿಲ್ಲ, ಓಡುತ್ತವೆ. ಓಡುವ ವಸ್ತುವಿಗೆ ಆರೈಕೆ ಬೇಕಾಗುತ್ತದೆ, ನಿಂತ ವಸ್ತುವಿಗೆ ಧೂಳು ಒರೆಸಿದರೆ ಸಾಕೆನಿಸುತ್ತದೆ. ಎರಡಕ್ಕೂ ಇರುವ ಅಂತರ ಇದೇ.

ಹತ್ತಾರು ವರ್ಷ ಅಟ್ಟದ ಮೇಲೆ ಬಿದ್ದಿದ್ದ ಮಾದರಿ ಎಂಜಿನೊಂದು ಕೈಗೆ ಬಂದಿತೆಂದು ಭಾವಿಸೋಣ. ಅವಸರದವನು ಮಾಡುವ ಮೊದಲ ಕೆಲಸವೆಂದರೆ ಅದನ್ನು ಹಳಿಯ ಮೇಲಿಟ್ಟು ವಿದ್ಯುತ್ತು ಕೊಡುವುದು. ಇದು ತಪ್ಪು. ವರ್ಷಗಟ್ಟಲೆ ನಿಂತ ಯಂತ್ರದೊಳಗಿನ ಎಣ್ಣೆ ಮೇಣದಂತೆ ಗಟ್ಟಿಯಾಗಿರುತ್ತದೆ. ತಿರುಗಲಾರದ ಮೋಟಾರಿಗೆ ವಿದ್ಯುತ್ತು ಹರಿದರೆ ಅದರ ತಂತಿಯ ಸುರುಳಿ ಸುಡುತ್ತದೆ. ಮೊದಲು ಮಾಡಬೇಕಾದುದು ನೋಡುವುದು, ಅನಂತರ ಬರೆಯುವುದು. ಯಾವ ತಿರುಪುಮೊಳೆ ಎಲ್ಲಿಂದ ಬಂದಿತು, ಯಾವ ಸರಳು ಯಾವ ಗಾಲಿಗೆ ಸೇರಿತ್ತು ಎಂಬುದನ್ನು ಒಂದು ಹಾಳೆಯಲ್ಲಿ ಚಿತ್ರ ಬರೆದು ಗುರುತಿಸಿ, ಬಿಚ್ಚಿದ ಕ್ರಮದಲ್ಲಿಯೇ ತಟ್ಟೆಯಲ್ಲಿ ಸಾಲಾಗಿ ಇಡಬೇಕು. ಬಿಚ್ಚುವುದು ಯಾರಿಗಾದರೂ ಬರುತ್ತದೆ. ಮರಳಿ ಜೋಡಿಸುವ ಹೊತ್ತಿಗೆ ಒಂದು ಮೊಳೆ ಮಿಕ್ಕು ಉಳಿದಾಗ ಬಿಚ್ಚಿದವನ ಜಾಣತನ ಬಯಲಾಗುತ್ತದೆ.

ಮೆತ್ತನೆಯ ಕುಂಚದಿಂದ ಧೂಳನ್ನು ತೆಗೆದ ಬಳಿಕ ಗಾಲಿಗಳ ಸರದಿ. ಇಂಥ ಎಂಜಿನುಗಳಿಗೆ ಹಳಿಯಿಂದ ಗಾಲಿಗಳ ಮೂಲಕವೇ, ಸಾಮಾನ್ಯವಾಗಿ 12 ವೋಲ್ಟಿನ, ವಿದ್ಯುತ್ತು ದೊರೆಯುತ್ತದೆ. ಗಾಲಿಯ ಅಂಚಿಗೆ ಅಂಟಿದ ಕಪ್ಪು ಕಿಟ್ಟ ಈ ಹರಿವನ್ನು ತಡೆಯುತ್ತದೆ. ಎಂಜಿನು ಮುಗ್ಗರಿಸುತ್ತ ಓಡುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಉಜ್ಜುಕಾಗದದಿಂದ ತಿಕ್ಕಿದರೆ ಕ್ಷಣದಲ್ಲಿ ಹೊಳಪು ಬರುತ್ತದೆ, ನಿಜ. ಆದರೆ ಅದರಿಂದ ಮೂಡಿದ ಗೀರುಗಳಲ್ಲಿ ಕಿಟ್ಟವು ಮೊದಲಿಗಿಂತ ಬೇಗ ನೆಲೆಸುತ್ತದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ತಾಳ್ಮೆಯಾಗಿ ಒರೆಸುವುದೇ ದಾರಿ. ಆ ಸ್ಪಿರಿಟ್ಟೂ ಬಣ್ಣಕ್ಕೆ ತಾಗದಂತೆ ಎಚ್ಚರ ವಹಿಸಬೇಕು. ಮೋಟಾರಿನ ಒಳಗೆ ತಾಮ್ರದ ತುಣುಕುಗಳಿಂದಾದ ಪುಟ್ಟ ಉರುಳೆಯೊಂದಿರುತ್ತದೆ. ಅದಕ್ಕೆ ಒತ್ತಿಕೊಂಡಿರುವ ಇದ್ದಿಲಿನ ಬಿಲ್ಲೆಗಳು ಸವೆದು ಉದುರಿಸಿದ ಪುಡಿ ಆ ತುಣುಕುಗಳ ನಡುವಿನ ಸೀಳುಗಳಲ್ಲಿ ತುಂಬಿರುತ್ತದೆ. ಅದನ್ನು ಬಿದಿರಿನ ಕಡ್ಡಿಯಿಂದ ಮೆಲ್ಲನೆ ಕೆದಕಿ ತೆಗೆಯಬೇಕು. ಹಳೆಯ ಮೋಟಾರಿನ ಅಯಸ್ಕಾಂತವನ್ನು ಮಾತ್ರ ಸ್ಥಳ ಬಿಟ್ಟು ಕದಲಿಸಬಾರದು. ಹೊರಗೆ ತೆಗೆದಿಟ್ಟರೆ ಅದರ ಬಲ ಕುಂದುತ್ತದೆ.

ಎಣ್ಣೆಯ ವಿಷಯದಲ್ಲಿ ಉತ್ತರ ಕರ್ನಾಟಕದ ಮನೆಗಳಿಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ಒಗ್ಗರಣೆಗೆ ಬಳಸುವ ಕುಸುಬೆ ಎಣ್ಣೆ ನಾಲಗೆಗೆ ಎಷ್ಟು ಹಿತವೋ ಯಂತ್ರಕ್ಕೆ ಅಷ್ಟೇ ಅಹಿತ. ಅದು ಗಾಳಿಗೆ ಒಣಗಿ ಪೊರೆಗಟ್ಟುವ ಜಾತಿಯ ಎಣ್ಣೆ. ಬಣ್ಣ, ವಾರ್ನಿಷುಗಳ ತಯಾರಿಕೆಗೆ ಅದನ್ನು ಬಳಸುವುದು ಇದೇ ಗುಣಕ್ಕಾಗಿ. ಹೊಲಿಗೆ ಯಂತ್ರದ ತಿಳಿಯಾದ ಎಣ್ಣೆ ಇಲ್ಲಿ ಸಾಕು, ಅದೂ ಸೂಜಿಯ ತುದಿಯಿಂದ ಬಿಟ್ಟ ಒಂದು ಹನಿ. ಹೆಚ್ಚು ಎಣ್ಣೆ ಧೂಳನ್ನು ಕರೆದು ತರುತ್ತದೆ. ಹಾಗೆಯೇ ದೇವರ ಮನೆಯ ಹಿತ್ತಾಳೆಯನ್ನು ಬೆಳಗುವ ಹುಣಸೆಹಣ್ಣನ್ನು ಎಂಜಿನಿನ ಹಿತ್ತಾಳೆಯ ಕೊಳವೆಗಳಿಗೆ ಹಚ್ಚಬಾರದು. ಹೊಳಪೇನೋ ಬಂದೀತು, ಆದರೆ ಹುಳಿಯು ಬೆಸುಗೆಯ ಸಂದುಗಳಲ್ಲಿ ಉಳಿದು ಲೋಹವನ್ನು ತಿನ್ನುತ್ತ ಕೂರುತ್ತದೆ. ಹಳೆಯ ಆಟಿಕೆಗಳ ಬಣ್ಣದಲ್ಲಿ ಸೀಸವಿರುವ ಸಂಭವವಿರುವುದರಿಂದ ಕೆಲಸ ಮುಗಿದೊಡನೆ ಕೈ ತೊಳೆಯುವುದೂ ಈ ವಿದ್ಯೆಯ ಒಂದು ಅಂಗವೇ.

ಯಾವ ಆರೈಕೆಗೂ ಬಗ್ಗದ ರೋಗವೂ ಒಂದಿದೆ. ಎರಡು ಮಹಾಯುದ್ಧಗಳ ನಡುವಣ ಕಾಲದ ಅನೇಕ ಮಾದರಿಗಳ ಮೈಯನ್ನು ಸತುವಿನ ಮಿಶ್ರಲೋಹದಿಂದ ಎರಕ ಹೊಯ್ಯುತ್ತಿದ್ದರು. ಆ ಲೋಹಕ್ಕೆ ಸ್ವಲ್ಪ ಸೀಸ ಬೆರೆತಿದ್ದರೆ ವರ್ಷಗಳು ಕಳೆದಂತೆ ಅದು ಉಬ್ಬಿ, ಬಿರಿದು, ಒಣ ರೊಟ್ಟಿಯಂತೆ ಪುಡಿಯಾಗುತ್ತದೆ. ಹೊರಗಿನ ತೇವವೋ ಬಳಸಿದವರ ಅಜಾಗರೂಕತೆಯೋ ಇದಕ್ಕೆ ಮೂಲವಲ್ಲ. ದೋಷ ಹುಟ್ಟಿನಲ್ಲಿಯೇ ಇತ್ತು. ಅಂಥ ಎಂಜಿನನ್ನು ತಣ್ಣಗಿನ, ತೇವವಿಲ್ಲದ ಜಾಗದಲ್ಲಿ ಇಟ್ಟು, ಇದ್ದಷ್ಟು ದಿನ ಇರಗೊಡಬೇಕು. ಯಾವುದನ್ನು ಸರಿಪಡಿಸಬಹುದು, ಯಾವುದನ್ನು ಮುಟ್ಟದೆ ಬಿಡಬೇಕು ಎಂಬ ವಿವೇಚನೆ ಬಂದ ಮೇಲೆಯೇ ದುರಸ್ತಿಗಾರನೆಂಬ ಹೆಸರು ಒಪ್ಪುವುದು. ಮೂಲದ ಬಣ್ಣಕ್ಕೂ ಇದೇ ಮಾತು ಸಲ್ಲುತ್ತದೆ. ಅಲ್ಲಲ್ಲಿ ಎದ್ದುಹೋದ ಹಳೆಯ ಬಣ್ಣ ತನ್ನ ಕಾಲದ ಸಾಕ್ಷಿ. ಹೊಸ ಬಣ್ಣವು ನಿನ್ನೆ ಯಾರೋ ಕುಂಚ ಹಿಡಿದಿದ್ದರು ಎಂಬುದನ್ನಷ್ಟೇ ಹೇಳುತ್ತದೆ.

ಮಾದರಿಯನ್ನು ರಿಪೇರಿ ಮಾಡುವುದು ಮಕ್ಕಳಾಟವೆಂದು ನಗುವವರಿದ್ದಾರೆ. ಅಂಥವರು 1763ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಕೆಟ್ಟು ಕುಳಿತಿದ್ದ ಒಂದು ಮಾದರಿಯ ಕಥೆಯನ್ನು ನೆನೆಯಬೇಕು. ರೈಲಿನ ಎಂಜಿನು ಆಗ ಇನ್ನೂ ಹುಟ್ಟಿರಲಿಲ್ಲ. ಗಣಿಗಳಿಂದ ನೀರೆತ್ತಲು ಥಾಮಸ್ ನ್ಯೂಕೊಮೆನ್ ಎಂಬಾತ 1712ರಲ್ಲಿ ನಿರ್ಮಿಸಿದ ಬೃಹತ್ ಉಗಿಯಂತ್ರದ ಪುಟ್ಟ ಪ್ರತಿರೂಪವದು. ತರಗತಿಯಲ್ಲಿ ತೋರಿಸುವುದಕ್ಕಾಗಿ ಇದ್ದುದು. ಲಂಡನ್ನಿನ ಹೆಸರಾಂತ ಕುಶಲಕರ್ಮಿಗೆ ಕಳುಹಿಸಿದರೂ ಅದು ಸರಿಹೋಗಿರಲಿಲ್ಲ. ಕೊನೆಗೆ ಅದು ವಿಶ್ವವಿದ್ಯಾನಿಲಯದಲ್ಲಿಯೇ ಉಪಕರಣಗಳನ್ನು ಮಾಡಿಕೊಂಡಿದ್ದ, 27ರ ಹರೆಯದ ಜೇಮ್ಸ್ ವಾಟನ ಮೇಜಿಗೆ ಬಂದಿತು. ವಾಟನು ಅದನ್ನು ಸರಿಪಡಿಸಿದ. ಆದರೂ ಯಂತ್ರ ನಾಲ್ಕಾರು ಸಲ ಏರಿಳಿದು ಉಗಿ ಸಾಲದೆ ನಿಂತುಬಿಡುತ್ತಿತ್ತು. ಬೇರೊಬ್ಬನಾಗಿದ್ದರೆ ಇದು ಆಟಿಕೆಯ ಹಣೆಬರಹವೆಂದು ಕೈತೊಳೆದುಕೊಳ್ಳುತ್ತಿದ್ದ. ದೊಡ್ಡ ಯಂತ್ರಕ್ಕೆ ಸಾಲುವ ಉಗಿ ಅದೇ ಪ್ರಮಾಣದ ಚಿಕ್ಕ ಯಂತ್ರಕ್ಕೆ ಏಕೆ ಸಾಲದು ಎಂದು ವಾಟನು ಕೇಳಿಕೊಂಡ.

ಉತ್ತರ ಯಂತ್ರದ ಒಳಗೇ ಇತ್ತು. ನ್ಯೂಕೊಮೆನ್ನನ ಯಂತ್ರದಲ್ಲಿ ಸಿಲಿಂಡರಿಗೆ ಉಗಿಯನ್ನು ತುಂಬಿ, ಅದರೊಳಕ್ಕೆ ತಣ್ಣೀರನ್ನು ಚಿಮ್ಮಿಸಿ ಉಗಿಯನ್ನು ನೀರಾಗಿಸುತ್ತಿದ್ದರು. ಪ್ರತಿಸಲವೂ ಸಿಲಿಂಡರು ತಣ್ಣಗಾಗುತ್ತಿತ್ತು. ಮುಂದೆ ಬಂದ ಉಗಿಯ ಬಹುಪಾಲು ಕೆಲಸ ಮಾಡುವ ಬದಲು ಆ ತಣ್ಣನೆಯ ಲೋಹವನ್ನು ಮತ್ತೆ ಕಾಯಿಸುವುದರಲ್ಲಿಯೇ ಮುಗಿಯುತ್ತಿತ್ತು. ವಸ್ತು ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಮೈಯ ವಿಸ್ತಾರ ಹೆಚ್ಚು. ಆದುದರಿಂದ ಮಾದರಿಯಲ್ಲಿ ನಷ್ಟ ಎದ್ದು ಕಂಡಿತು. ದೊಡ್ಡ ಯಂತ್ರದಲ್ಲಿಯೂ ಅದೇ ದೋಷವಿತ್ತು, ಐವತ್ತು ವರ್ಷಗಳಿಂದ ಇತ್ತು, ರಾಶಿ ರಾಶಿ ಕಲ್ಲಿದ್ದಲು ಸುಡುತ್ತಿದ್ದವರ ಕಣ್ಣಿಗೆ ಅದು ಬಿದ್ದಿರಲಿಲ್ಲ. ಉಗಿಯನ್ನು ತಣಿಸಲು ಬೇರೆಯೇ ಒಂದು ಪಾತ್ರೆ ಇರಲಿ ಎಂಬ ಉಪಾಯ 1765ರಲ್ಲಿ ವಾಟನಿಗೆ ಹೊಳೆಯಿತು; 1769ರಲ್ಲಿ ಅದಕ್ಕೆ ಹಕ್ಕುಪತ್ರ ದೊರೆಯಿತು. ಕಾರ್ಖಾನೆಗಳ ಯುಗವನ್ನು ಮುಂದೊತ್ತಿದ ಆ ಉಪಾಯ ಹುಟ್ಟಿದುದು ಕೆಟ್ಟ ಮಾದರಿಯೊಂದರ ದುರಸ್ತಿಯಿಂದ. ರೈಲಿನ ಎಂಜಿನಿಗೆ ಹೆಸರಾದ ಜಾರ್ಜ್ ಸ್ಟೀಫನ್‌ಸನ್ನನೂ ಇದೇ ದಾರಿಯವನು. ಹದಿನೆಂಟರ ಹರೆಯದವರೆಗೆ ಅಕ್ಷರ ಬಾರದಿದ್ದ ಆ ಗಣಿಯ ಕೂಲಿಯವನು ರಜೆಯ ದಿನಗಳಲ್ಲಿ ತನ್ನ ಯಂತ್ರವನ್ನು ಬಿಚ್ಚಿ, ಒರೆಸಿ, ಜೋಡಿಸುತ್ತ ಅದರ ಮರ್ಮವನ್ನು ಅರಿತ. 1811ರಲ್ಲಿ ಇತರರಿಂದ ಆಗದ ಪಂಪಿನ ದುರಸ್ತಿಯನ್ನು ಮಾಡಿ ತೋರಿಸಿದ ಮೇಲೆ ಜನ ಅವನನ್ನು ಎಂಜಿನಿಯರನೆಂದು ಒಪ್ಪಿದರು.

ಹೀಗೆಂದ ಮಾತ್ರಕ್ಕೆ ಉಗಿಯ ಕಾಲವನ್ನು ಹೊಗಳಬೇಕಾಗಿಲ್ಲ. ಉಗಿಯ ಎಂಜಿನು ತಾನು ನುಂಗಿದ ಕಲ್ಲಿದ್ದಲಿನ ಶಕ್ತಿಯಲ್ಲಿ ಹತ್ತನೆಯ ಒಂದು ಪಾಲನ್ನೂ ಗಾಲಿಗೆ ತಲುಪಿಸುವುದು ಕಷ್ಟವಾಗಿತ್ತು. ಬೇಸಗೆಯ ಉರಿಯಲ್ಲಿ ಬೆಂಕಿಯ ಬಾಯಿಗೆ ಮುಖವೊಡ್ಡಿ ನಿಂತ ಫೈರ್‌ಮನ್ನನ ಬದುಕಿನಲ್ಲಿ, ದೂರದಿಂದ ಕಾಣುವ ಹೊಗೆಯ ಸೊಬಗು ಇರಲಿಲ್ಲ. ಆ ದುಡಿಮೆ ನಿಂತುದು ಒಳಿತೇ ಆಯಿತು. ನಿಲ್ಲಬಾರದಾಗಿದ್ದುದು ಒರೆಸುತ್ತ ಕಲಿಯುವ ಕ್ರಮ.

ಅದು ನಿಲ್ಲಲು ಎಂಜಿನು ಬದಲಾದುದಷ್ಟೇ ಕಾರಣವೆಂದು ಹೇಳುವಂತಿಲ್ಲ. ಒರೆಸುವ, ತೊಳೆಯುವ, ಗುಡಿಸುವ ಕೆಲಸವನ್ನು ಈ ಸಮಾಜವು ಎಲ್ಲಕ್ಕಿಂತ ಕೆಳಗೆ ಇಟ್ಟು, ಅದನ್ನು ಮಾಡುವವರನ್ನೂ ಕೆಳಗೆ ಇಟ್ಟಿದೆ. ಮಹಾನವಮಿಯ ಖಂಡೇಪೂಜೆಯಂದು ಹುಬ್ಬಳ್ಳಿ-ಧಾರವಾಡದ ಗ್ಯಾರೇಜುಗಳಲ್ಲಿ, ಗಿರಣಿಗಳಲ್ಲಿ, ಕಮ್ಮಾರಸಾಲೆಗಳಲ್ಲಿ ಯಂತ್ರಗಳನ್ನೆಲ್ಲ ತೊಳೆದು, ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಹಾಕುತ್ತಾರೆ. ಆಯುಧಕ್ಕೆ ಗೌರವ ಸಲ್ಲಿಸುವ ಈ ಸಂಪ್ರದಾಯ ಸುಂದರವಾದುದು. ಆದರೆ ಉಳಿದ ದಿನಗಳಲ್ಲಿ ಅದೇ ಯಂತ್ರವನ್ನು ಒರೆಸುವ ಹುಡುಗನನ್ನು ಯಜಮಾನನು ಹೆಸರು ಹಿಡಿದು ಕರೆಯುವುದೂ ಅಪರೂಪ. ಶಾಲೆಗಳೂ ಈ ತಪ್ಪಿನಲ್ಲಿ ಪಾಲುಗಾರರೇ. ಉಗಿಯಂತ್ರದ ಚಿತ್ರವನ್ನು ಬರೆದು ಭಾಗಗಳನ್ನು ಗುರುತಿಸಿದ ವಿದ್ಯಾರ್ಥಿಗೆ ಪೂರ್ಣ ಅಂಕಗಳು ದೊರೆಯುತ್ತವೆ. ತಿರುಪುಳಿ ಹಿಡಿಯಲು ಬಾರದಿದ್ದರೂ ಅಂಕಗಳು ಕಡಿಮೆಯಾಗುವುದಿಲ್ಲ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಕೆಟ್ಟುಹೋದ ಒಂದು ಮಾದರಿ ಎಂಜಿನು, ಅದಿಲ್ಲವಾದರೆ ಹಳೆಯ ಗೋಡೆ ಗಡಿಯಾರ ಅಥವಾ ಹೊಲಿಗೆ ಯಂತ್ರ ಇರಬೇಕು. ಪ್ರತಿವರ್ಷವೂ ಹೊಸ ತಂಡದ ಮಕ್ಕಳು ಅದನ್ನು ಬಿಚ್ಚಿ, ಒರೆಸಿ, ಕಂಡುದನ್ನು ಬರೆದಿಟ್ಟು, ಮತ್ತೆ ಓಡುವಂತೆ ಮಾಡಬೇಕು. ಇದಕ್ಕೆ ತಗಲುವ ವೆಚ್ಚ ಒಂದು ವಾರ್ಷಿಕೋತ್ಸವದ ಚಪ್ಪರಕ್ಕಿಂತ ಹೆಚ್ಚಾಗಲಾರದು.

ದೊಡ್ಡ ಎಂಜಿನುಗಳಿಗೂ ಹೀಗೊಂದು ಏರ್ಪಾಡು ಅಸಾಧ್ಯವಲ್ಲ. 2020ರಲ್ಲಿ ಹುಬ್ಬಳ್ಳಿಯಲ್ಲಿ ರೈಲ್ವೆ ವಸ್ತುಸಂಗ್ರಹಾಲಯ ತೆರೆಯಿತು. ಅಲ್ಲಿಯ ಮನೆಗಳಿಗೆ ಮಲಪ್ರಭಾ, ಘಟಪ್ರಭಾ ಎಂದು ಈ ನಾಡಿನ ನದಿಗಳ ಹೆಸರನ್ನಿಟ್ಟಿದ್ದಾರೆ. ಅಂಗಳದಲ್ಲಿ ನ್ಯಾರೋ ಗೇಜಿನ ಹಳೆಯ ಎಂಜಿನುಗಳು ನಿಂತಿವೆ. ಮೈಸೂರಿನಲ್ಲಿ 1979ರಿಂದಲೇ ಇಂಥ ಸಂಗ್ರಹಾಲಯವಿದೆ. ಬಯಲಿನಲ್ಲಿ ನಿಂತ ಯಾವ ಎಂಜಿನಿಗೂ ಶತ್ರುಗಳು ಒಂದೇ ಬಗೆಯವರು. ಧಾರವಾಡದ ಕಡೆಯ ಜಿಟಿಜಿಟಿ ಮಳೆ ಹೊಗೆಕೊಳವೆಯಿಂದ ಒಳಗಿಳಿದು ಹಳೆಯ ಬೂದಿಯೊಡನೆ ಸೇರಿದರೆ ಹುಳಿಯಾಗಿ ತಗಡನ್ನು ತಿನ್ನುತ್ತದೆ. ಬಾಯ್ಲರಿನ ಹೊದಿಕೆಯಡಿ ನುಸುಳಿದ ತೇವ ಹೊರಬರುವ ದಾರಿ ಕಾಣದೆ ಅಲ್ಲಿಯೇ ಉಳಿಯುತ್ತದೆ. ಮೊದಲು ಮಾಡಬೇಕಾದುದು ಬೂದಿಯನ್ನು ಪೂರ್ತಿಯಾಗಿ ತೆಗೆದು, ಕೊಳವೆಯ ಬಾಯಿ ಮುಚ್ಚಿ, ಮೇಲೊಂದು ಸೂರು ಹಾಕುವುದು. ಹಳೆಯ ಬಾಯ್ಲರುಗಳಿಗೆ ಕಲ್ನಾರಿನ ಹೊದಿಕೆ ಹಾಕುತ್ತಿದ್ದರು. ಅದರ ನಾರು ಉಸಿರಿನೊಡನೆ ಒಳಹೋದರೆ ಪ್ರಾಣಕ್ಕೆ ಎರವಾದೀತು. ಆದುದರಿಂದ ಆ ಭಾಗವನ್ನು ತಜ್ಞರಲ್ಲದೆ ಬೇರೆಯವರು ಮುಟ್ಟಬಾರದು. ಮಿಕ್ಕ ಕೆಲಸಕ್ಕೆ ರೈಲ್ವೆಯಲ್ಲಿ ತರಬೇತಿ ಪಡೆಯುತ್ತಿರುವ ತರುಣರೂ ಅವಳಿ ನಗರದ ತಾಂತ್ರಿಕ ವಿದ್ಯಾರ್ಥಿಗಳೂ ಇದ್ದಾರೆ. ತಮಿಳುನಾಡಿನ ನೀಲಗಿರಿ ರೈಲಿಗೆ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಖಾನೆಯವರು ಈ ಶತಮಾನದಲ್ಲಿಯೂ ಹೊಸ ಉಗಿ ಎಂಜಿನುಗಳನ್ನು ಕಟ್ಟಿಕೊಟ್ಟಿರುವಾಗ, ಹುಬ್ಬಳ್ಳಿಯಲ್ಲಿ ಹಳೆಯದೊಂದನ್ನು ಬಿಚ್ಚಿ ಒರೆಸುವ ಕೌಶಲವಿಲ್ಲವೆಂದು ಹೇಳುವಂತಿಲ್ಲ.

ಬಿಚ್ಚುವಾಗ ಪಕ್ಕದಲ್ಲಿ ಕುರ್ಚಿ ಹಾಕಿ ಕೂಡಿಸಬೇಕಾದವರು ಉಗಿಯ ಕಾಲದ ನಿವೃತ್ತ ನೌಕರರು. ಯಾವ ಕೀಲು ಮೊದಲು ಸಡಿಲಾಗುತ್ತಿತ್ತು, ಸರಳಿನ ಮೇಲೆ ಸುತ್ತಿಗೆಯಿಂದ ತಟ್ಟಿದಾಗ ಯಾವ ಸದ್ದು ಬಿರುಕನ್ನು ಸೂಚಿಸುತ್ತಿತ್ತು, ಯಾವ ನೀರಿನಿಂದ ಬಾಯ್ಲರಿನಲ್ಲಿ ಸುಣ್ಣ ಹೆಚ್ಚು ಕಟ್ಟುತ್ತಿತ್ತು ಎಂಬುದನ್ನೆಲ್ಲ ಅವರ ಬಾಯಿಂದ ಕೇಳಿ ಬರೆದುಕೊಳ್ಳಬೇಕಾಗಿದೆ. 1970ರ ದಶಕದಲ್ಲಿ ಕ್ಲೀನರುಗಳಾಗಿ ಚಿಂದಿ ಹಿಡಿದು ಷೆಡ್ಡಿಗೆ ಸೇರಿದವರು ಇಂದು ಎಪ್ಪತ್ತರ ಆಚೀಚೆಯ ವಯಸ್ಸಿನವರು.